ಡಿಎಆರ್ ಅರ್ಜಿಗೆ ವಂಶದ ದಾಖಲೆ ಜೋಡಿಸುವುದು ಹೇಗೆ? ಹೆಸರಿಗಿಂತ ‘ಬಿನ್’ ಮುಖ್ಯ

“ಸೊಸೆಯ ಕಡೆಯವರು ಇನ್ನೂರೈವತ್ತು ವರ್ಷದಿಂದ ಅಮೆರಿಕದಲ್ಲೇ ಇದ್ದಾರಂತೆ. ಮೊಮ್ಮಗಳನ್ನು ಆ ಡಿಎಆರ್‌ಗೆ ಸೇರಿಸಬಹುದಾ?” “ನಮ್ಮೆಜಮಾನರ ವಂಶದವರೊಬ್ಬರು ವಾಷಿಂಗ್ಟನ್ ಸೈನ್ಯದಲ್ಲಿ ಇದ್ದರಂತೆ, ಏನೇನು ಕಾಗದ ಬೇಕು?” ಈ ಎರಡು ಪ್ರಶ್ನೆ ನನಗೆ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ 2026ರಲ್ಲಿ 250 ವರ್ಷ ಅಂತ ಮಾತು ಶುರುವಾದ ಮೇಲೆ ಇನ್ನೂ ಜಾಸ್ತಿಯಾಗಿವೆ. ನನ್ನ ಗಂಡ ಅಮೆರಿಕದವರು. ಮಗಳ ಅರ್ಜಿಗೆ ಕಾಗದ ಜೋಡಿಸಿದವಳು ನಾನು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಡಿಎಆರ್ ಅಂದರೆ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್. 1890ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಮಹಿಳೆಯರ ಸಂಘ. ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ನೇರ ವಂಶಸ್ಥರಿಗೆ ಮಾತ್ರ ಸದಸ್ಯತ್ವ. ಹೀಗೆ ನೆರವಾದ ಪೂರ್ವಜರನ್ನು ಅಲ್ಲಿ ‘ಪೇಟ್ರಿಯಟ್’ ಅನ್ನುತ್ತಾರೆ. ಗಂಡಸರಿಗೆ ಎಸ್‌ಎಆರ್ ಇದೆ, ಅದು 1889ರದು. 22 ವರ್ಷದೊಳಗಿನ ಮಕ್ಕಳಿಗೆ 1895ರಲ್ಲಿ ಶುರುವಾದ ಸಿಎಆರ್ ಇದೆ. ಮೂರಕ್ಕೂ ಬೇಕಾದ ಪುರಾವೆ ಹೆಚ್ಚುಕಡಿಮೆ ಒಂದೇ ಥರದ್ದು. ನಾನು ಇಲ್ಲಿ ಡಿಎಆರ್ ಲೆಕ್ಕದಲ್ಲಿ ಹೇಳುತ್ತೇನೆ.

ಯಾರು ಸೇರಬಹುದು? 18 ತುಂಬಿದ ಹೆಂಗಸು, ರಕ್ತಸಂಬಂಧದಲ್ಲಿ ಪೇಟ್ರಿಯಟ್‌ನ ನೇರ ವಂಶದವಳು. ವಂಶ ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು, ನಡುವೆ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಗೋತ್ರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮದುವೆಯಾಗಿ ಆ ಮನೆಗೆ ಹೋದವರಿಗೆ ಹಕ್ಕಿಲ್ಲ. ನಾನು ಸೊಸೆ, ನನಗಿಲ್ಲ. ನನ್ನ ಮಗಳಿಗೆ ಇದೆ. ಪೂರ್ವಜನ ಅಣ್ಣನೋ ತಮ್ಮನೋ ಯುದ್ಧ ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ, ನೇರ ಸಾಲೇ ಬೇಕು. ದತ್ತು ಮಗುವಾದರೆ ಹೆತ್ತವರ ವಂಶ ನೋಡುತ್ತಾರೆ, ಸಾಕಿದವರದ್ದಲ್ಲ.

“ಆ ಸಂಘದವರು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲವಲ್ಲ?” ಅಂತಲೂ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 1939ರಲ್ಲಿ ಕಪ್ಪು ವರ್ಣದ ಗಾಯಕಿ ಮೇರಿಯನ್ ಆಂಡರ್ಸನ್‌ಗೆ ತಮ್ಮ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲಿಲ್ಲ. ಅದಕ್ಕಾಗಿಯೇ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಕೊಟ್ಟರು. ಆಂಡರ್ಸನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಕಪ್ಪು ವರ್ಣದ ಮಹಿಳೆಯೊಬ್ಬರು ಗೊತ್ತಿದ್ದಂತೆ ಮೊದಲ ಸಲ ಸದಸ್ಯೆಯಾದದ್ದು 1977ರಲ್ಲಿ. ಈಗ ನಿಯಮದಲ್ಲಿ ಜಾತಿ, ಧರ್ಮ, ಬಣ್ಣದ ತಡೆಯಿಲ್ಲ. ಇಷ್ಟು ತಿಳಿದುಕೊಂಡು ಸೇರುವುದೋ ಬಿಡುವುದೋ ನೀವು ನಿರ್ಧರಿಸಿ.

ಶುರು ಮಾಡುವ ಮುಂಚೆ: ಬೇಕಾದ್ದು ‘ಬಿನ್’

ನಮ್ಮ ಪಹಣಿಯಲ್ಲಿ ‘ರಾಮೇಗೌಡ ಬಿನ್ ಕೆಂಪೇಗೌಡ’, ‘ಲಕ್ಷ್ಮಮ್ಮ ಕೋಂ ರಾಮೇಗೌಡ’ ಅಂತ ಇರುತ್ತದಲ್ಲ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಡಿಎಆರ್‌ನವರು ಕೇಳುವುದು ಈ ಎರಡು ಪದಗಳಿಗೆ ಪುರಾವೆ, ಅಷ್ಟೇ. ರಾಮೇಗೌಡ ಇದ್ದ ಅನ್ನುವುದಕ್ಕೆ ಹತ್ತು ಕಾಗದ ಕೊಟ್ಟರೂ, ಕೆಂಪೇಗೌಡ ಇದ್ದ ಅನ್ನುವುದಕ್ಕೆ ಇಪ್ಪತ್ತು ಕೊಟ್ಟರೂ, ಮಧ್ಯದ ‘ಬಿನ್’ಗೆ ಒಂದೂ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕೇಳಿದ ಮಾತು ಸಾಲದು. ನಮ್ಮೂರುಗಳಿಗೆ ಹೆಳವರು ಎತ್ತು ಹೊಡೆದುಕೊಂಡು ಬಂದು ಮನೆ ಮುಂದೆ ತಲೆತಲಾಂತರದ ಹೆಸರು ಹೇಳುತ್ತಿದ್ದರು, ಅದು ನಮಗೆ ಪ್ರಮಾಣ. ಇಲ್ಲಿ ಅಜ್ಜಿ ಹೇಳಿದ್ದು, ಮಾವ ಬರೆದಿಟ್ಟದ್ದು, ಆನ್‌ಲೈನ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷ, ಇವೆಲ್ಲ ಬರೀ ಸುಳಿವು. ಆ ಸುಳಿವು ಹಿಡಿದು ಹೋಗಿ ಮೂಲ ದಾಖಲೆ ತೆಗೆಯಬೇಕು.

1. ಕೊನೆಯಿಂದ ಹಿಂದಕ್ಕೆ ಬನ್ನಿ

ಎಲ್ಲರಿಗೂ ಪೂರ್ವಜನಿಂದ ಶುರು ಮಾಡುವ ಆಸೆ. “ಇವರ ಮನೆ ಹೆಸರು ಆಡಮ್ಸ್, ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಕಡೆಯವರೇ ಇರಬೇಕು” ಅಂತ ಮೇಲಿನಿಂದ ಇಳಿದು ಬರಲು ನೋಡುತ್ತಾರೆ. ಬೇಡ. ಅರ್ಜಿ ಹಾಕುವವಳಿಂದ ಹತ್ತಿ. ಅವಳು, ಅವಳ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜ. ಒಂದು ತಲೆಮಾರು ಗಟ್ಟಿಯಾದ ಮೇಲೆ ಮುಂದಿನದು. ಈಗಿನವರಿಂದ 1775ರವರೆಗೆ ಸಾಮಾನ್ಯವಾಗಿ ಏಳೆಂಟು, ಒಂಬತ್ತು ತಲೆಮಾರು ಆಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ತಲೆಮಾರಿಗೆ ಒಂದು ಹಾಳೆ ಇಡಿ. ಗಂಡ, ಹೆಂಡತಿ ಇಬ್ಬರ ಹೆಸರು, ಹುಟ್ಟು, ಮದುವೆ, ಸಾವು, ಪ್ರತಿಯೊಂದರ ತಾರೀಖು ಮತ್ತು ಊರು. ಪಕ್ಕದಲ್ಲಿ ಯಾವ ಕಾಗದದಿಂದ ಗೊತ್ತಾಯಿತು ಅಂತ ಬರೆಯಿರಿ. ಕೊನೆಗೆ ಕೆಂಪು ಪೆನ್ನಿನಲ್ಲಿ: ‘ಮೇಲಿನ ತಲೆಮಾರಿಗೆ ಬಿನ್ ಎಲ್ಲಿದೆ?’ ಆ ಸಾಲು ಖಾಲಿ ಇರುವ ಹಾಳೆಯೇ ನಿಮ್ಮ ಮುಂದಿನ ಕೆಲಸ.

ಎರಡು ಪದ ಗೊತ್ತಿರಲಿ. ‘ಲೈನ್ ಕ್ಯಾರಿಯರ್’ ಅಂದರೆ ಪ್ರತಿ ದಂಪತಿಯಲ್ಲಿ ಪೇಟ್ರಿಯಟ್‌ನ ರಕ್ತ ಹೊತ್ತು ತಂದವರು. ನಮ್ಮ ಮನೆಯಲ್ಲಿ ಅದು ನನ್ನ ಗಂಡ. ‘ರಿಜಿಸ್ಟ್ರಾರ್’ ಅಂದರೆ ನಮ್ಮ ಸಬ್ ರಿಜಿಸ್ಟ್ರಾರ್ ಥರದ ಸರ್ಕಾರಿ ಅಧಿಕಾರಿ ಅಲ್ಲ. ಡಿಎಆರ್‌ನ ಸ್ಥಳೀಯ ಘಟಕಕ್ಕೆ ಚಾಪ್ಟರ್ ಅನ್ನುತ್ತಾರೆ, ಅಲ್ಲಿ ಕಾಗದ ಪತ್ರ ನೋಡಿಕೊಳ್ಳುವ ಸದಸ್ಯೆ ಈಕೆ. ಸಂಬಳವಿಲ್ಲದ ಕೆಲಸ, ಆದರೆ ವಿಷಯ ಅರೆದು ಕುಡಿದಿರುತ್ತಾರೆ. ಅರ್ಜಿ ಚಾಪ್ಟರ್ ಮೂಲಕವೇ ಹೋಗುವುದು ವಾಡಿಕೆ, ಆದ್ದರಿಂದ ಮೊದಲ ವಾರವೇ ಅವರಿಗೊಂದು ಇಮೇಲ್ ಹಾಕಿ. ಎಲ್ಲ ಮುಗಿಸಿಕೊಂಡು ಹೋಗುತ್ತೇನೆ ಅಂತ ಕಾಯಬೇಡಿ. ಶುಲ್ಕ ಎಷ್ಟು ಅನ್ನುವುದನ್ನೂ ಅವರನ್ನೇ ಕೇಳಿ, ಆಗಾಗ ಬದಲಾಗುತ್ತದೆ.

2. ಮೊದಲ ಮೂರು ತಲೆಮಾರು: ಸರ್ಟಿಫಿಕೇಟುಗಳು

ಅರ್ಜಿದಾರಳು, ಅಪ್ಪ ಅಮ್ಮ, ಅಜ್ಜ ಅಜ್ಜಿ. ಇಷ್ಟರವರೆಗೆ ಜನನ, ಮದುವೆ, ಮರಣದ ಸರ್ಕಾರಿ ಪ್ರಮಾಣಪತ್ರಗಳನ್ನೇ ಕೇಳುತ್ತಾರೆ. ಅಮೆರಿಕದ ಜನನ ಪತ್ರ ಎರಡು ಬಗೆ. ಚಿಕ್ಕದರಲ್ಲಿ ಮಗುವಿನ ಹೆಸರು, ತಾರೀಖು ಮಾತ್ರ ಇರಬಹುದು. ನಿಮಗೆ ಬೇಕಾದ್ದು ಅಪ್ಪ ಅಮ್ಮನ ಹೆಸರಿರುವ ದೊಡ್ಡದು, ಅದಕ್ಕೆ ‘ಲಾಂಗ್ ಫಾರ್ಮ್’ ಅನ್ನುತ್ತಾರೆ. ತರಿಸುವಾಗ ಆ ಪದ ಹಾಕಿಯೇ ಕೇಳಿ.

ಮರಣ ಪತ್ರದಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು ಇರುತ್ತದೆ, ತುಂಬ ಉಪಯೋಗ. ಆದರೆ ‘ಇನ್ಫಾರ್ಮಂಟ್’ ಅನ್ನುವ ಕಾಲಂ ನೋಡದೆ ನಂಬಬೇಡಿ. ಮಾಹಿತಿ ಕೊಟ್ಟವರು ಯಾರು ಅಂತ ಅಲ್ಲಿ ಬರೆದಿರುತ್ತದೆ. ನನ್ನ ಗಂಡನ ಅಜ್ಜಿಯ ಮರಣ ಪತ್ರದಲ್ಲಿ ಆಕೆಯ ತಾಯಿಯ ತವರಿನ ಹೆಸರೇ ತಪ್ಪಾಗಿತ್ತು. ಹೇಳಿದವರು ಅಳಿಯ. ಅಳಿಯನಿಗೆ ಅತ್ತೆಯ ತಾಯಿಯ ತವರು ಎಲ್ಲಿ ನೆನಪಿರಬೇಕು? ಆಕೆಯ ಮದುವೆ ಪತ್ರ ತರಿಸಿ ಸರಿಮಾಡಿದ್ದಾಯಿತು. ಸತ್ತ ತಾರೀಖಿಗೆ ಮರಣ ಪತ್ರ ಗಟ್ಟಿ ಸಾಕ್ಷಿ, ಹುಟ್ಟಿದ ತಾರೀಖಿಗೂ ಹೆತ್ತವರ ಹೆಸರಿಗೂ ಅಷ್ಟು ಗಟ್ಟಿಯಲ್ಲ.

ಇನ್ನು ನಮ್ಮ ಕಡೆಯ ಕಾಗದಗಳು. ಲೈನ್ ಕ್ಯಾರಿಯರ್ ಅಲ್ಲದಿದ್ದರೂ ಅಮ್ಮನಾಗಿಯೋ ಅಪ್ಪನಾಗಿಯೋ ನಿಮ್ಮ ಹೆಸರು ಅರ್ಜಿಯಲ್ಲಿ ಬರುತ್ತದೆ. ಆಗ ಮೂರು ತಲೆನೋವು ಶುರುವಾಗುತ್ತವೆ.

ಮೊದಲನೆಯದು ಜನನ ಪತ್ರ. ನನ್ನದರಲ್ಲಿ ಹೆಸರಿನ ಜಾಗ ಖಾಲಿ, ‘ಹೆಣ್ಣು’ ಅಂತ ಮಾತ್ರ ಇದೆ. ನನ್ನ ವಯಸ್ಸಿನ ಎಷ್ಟೋ ಜನರದ್ದು ಹೀಗೇ, ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿಬಿಡುತ್ತಿತ್ತು. ಅದನ್ನು ಬಿಸಾಡಬೇಡಿ. ಅಪ್ಪ ಅಮ್ಮನ ಹೆಸರು, ತಾರೀಖು, ಊರು ಅದರಲ್ಲಿ ಇರುತ್ತವೆ. ಜೊತೆಗೆ ಹುಟ್ಟಿದ ತಾರೀಖಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಡಿ. ನೋಂದಣಿಯೇ ಆಗಿಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲೋ ನಗರಸಭೆಯಲ್ಲೋ ‘ದಾಖಲೆ ಲಭ್ಯವಿಲ್ಲ’ ಅನ್ನುವ ಪತ್ರ ತೆಗೆದುಕೊಳ್ಳಿ. ಅಮೆರಿಕದ ವೀಸಾ ಕೆಲಸಕ್ಕೆ ಅದನ್ನು ಮಾಡಿಸಿಟ್ಟವರು ಬಹಳ ಜನ ಇದ್ದೀರಿ, ಅದೇ ಫೈಲ್ ತೆಗೆಯಿರಿ.

ಎರಡನೆಯದು ಇನಿಷಿಯಲ್. ಶಾಲೆಯಲ್ಲಿ ‘ಕೆ.ಎಸ್. ಸುಮಾ’, ಪಾಸ್‌ಪೋರ್ಟಿನಲ್ಲಿ ಊರು ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದದ್ದು, ಮದುವೆಯಾದ ಮೇಲೆ ಗಂಡನ ಮನೆ ಹೆಸರು. ನೋಡುವ ಅಮೆರಿಕದವರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಇದಕ್ಕೆ ಒಳ್ಳೆಯ ಮದ್ದು ನಿಮ್ಮ ಹಳೆಯ ಭಾರತೀಯ ಪಾಸ್‌ಪೋರ್ಟ್. ಅದರ ಕೊನೆಯ ಪುಟದಲ್ಲಿ ತಂದೆ, ತಾಯಿ, ಸಂಗಾತಿಯ ಹೆಸರು ಅಚ್ಚಾಗಿರುತ್ತದೆ. ಬಿನ್ನೂ ಕೋಂ ಎರಡೂ ಒಂದೇ ಪುಟದಲ್ಲಿ! ಅಮೆರಿಕದ ಪೌರತ್ವ ತೆಗೆದುಕೊಳ್ಳುವಾಗ ಹೆಸರು ಬದಲಿಸಿದ್ದರೆ ಆ ಕಾಗದವನ್ನೂ ಸೇರಿಸಿ.

ಮೂರನೆಯದು ಮದುವೆ ಪತ್ರ. ಲಗ್ನಪತ್ರಿಕೆ, ಛತ್ರದ ರಸೀದಿ, ಧಾರೆಯ ಫೋಟೋ ಯಾವುದೂ ನಡೆಯುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರ ಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ, ಅನುವಾದ ಮಾಡಿದವರ ಸಹಿಯೂ ಇರಲಿ. ಯಾವುದಾದರೂ ಸಿಗದೇ ಹೋದರೆ ಬದಲಿಗೆ ಏನು ನಡೆಯುತ್ತದೆ ಅಂತ ರಿಜಿಸ್ಟ್ರಾರ್‌ಗೆ ಬರೆದು ಕೇಳಿ. ಬಾಯಿಮಾತಿನಲ್ಲಿ ಬಿಡಬೇಡಿ.

3. ಯಾರಾದರೂ ಆಗಲೇ ದಾರಿ ಮಾಡಿದ್ದಾರಾ ನೋಡಿ

ಇದನ್ನು ಮಾಡದೆ ಮುಂದೆ ಹೋದರೆ ತಿಂಗಳುಗಟ್ಟಲೆ ಕೆಲಸ ದಂಡ. ಡಿಎಆರ್ ವೆಬ್‌ಸೈಟಿನಲ್ಲಿ ಜಿಆರ್‌ಎಸ್ ಅನ್ನುವ ಹುಡುಕು ವ್ಯವಸ್ಥೆ ಇದೆ, ಪುಕ್ಕಟೆ. ಇದುವರೆಗೆ ಒಪ್ಪಿಕೊಂಡ ಪೇಟ್ರಿಯಟ್‌ಗಳು, ಅವರ ವಂಶಸ್ಥರು ಅಲ್ಲಿದ್ದಾರೆ. ಈಚಿನ ತಲೆಮಾರುಗಳ ಹೆಸರು ಕಾಣಿಸದಂತೆ ಇಟ್ಟಿರುತ್ತಾರೆ. ಆದ್ದರಿಂದ ಮುತ್ತಜ್ಜನ ಅಪ್ಪ, ಅವನ ಅಪ್ಪ, ಈ ಮಟ್ಟದ ಹೆಸರು ಹಾಕಿ ಹುಡುಕಿ.

ಹೆಸರು ಸಿಕ್ಕರೆ ಹಳೆಯ ಸದಸ್ಯೆಯ ಅರ್ಜಿಯ ನಕಲನ್ನು ದುಡ್ಡು ಕೊಟ್ಟು ತರಿಸಬಹುದು. ಅದಕ್ಕೆ ‘ರೆಕಾರ್ಡ್ ಕಾಪಿ’ ಅನ್ನುತ್ತಾರೆ. ನಿಮ್ಮ ಸಾಲು ಆ ಅರ್ಜಿಯ ಸಾಲಿಗೆ ಎಲ್ಲಿ ಕೂಡುತ್ತದೋ ಅಲ್ಲಿಂದ ಮೇಲಿನ ಕೆಲಸ ಬಹುಪಾಲು ಮುಗಿದಂತೆ.

ಬಹುಪಾಲು ಅಂದೆ. ಏಕೆಂದರೆ ಹಳೆಯ ಅರ್ಜಿಗಳನ್ನು, ಅದರಲ್ಲೂ ನೂರು ವರ್ಷ ಹಿಂದಿನವನ್ನು, ಇಷ್ಟು ಕಟ್ಟುನಿಟ್ಟಾಗಿ ನೋಡುತ್ತಿರಲಿಲ್ಲ. ಅಜ್ಜಿ ಬರೆದಳು, ಸಂಘ ಒಪ್ಪಿತು. ಅಂಥ ಪೇಟ್ರಿಯಟ್‌ನ ಹೆಸರಿನ ಮುಂದೆ ಈಗ ಕೆಂಪಕ್ಷರದ ಷರಾ ಇರಬಹುದು: ಮುಂದಿನ ಅರ್ಜಿದಾರರು ಸೇವೆಯನ್ನು ಹೊಸದಾಗಿ ಸಾಬೀತು ಮಾಡಬೇಕು, ಅಥವಾ ಇಂಥ ಮಗಳ ಸಾಲು ಸರಿಯಿಲ್ಲ. ರೆಕಾರ್ಡ್ ಕಾಪಿಗೆ ದುಡ್ಡು ಕಟ್ಟುವ ಮುಂಚೆ ಆ ಕೆಂಪಕ್ಷರ ಓದಿ. “ನಮ್ಮ ಅತ್ತೆಯ ದೊಡ್ಡಮ್ಮ 1910ರಲ್ಲೇ ಸದಸ್ಯೆಯಾಗಿದ್ದರು, ನಮ್ಮದು ಸುಲಭ” ಅಂದುಕೊಂಡವರು ಇಲ್ಲಿಯೇ ಸುಸ್ತಾಗುವುದು.

4. 1850ರಿಂದ ಈಚೆಗೆ: ಜನಗಣತಿ

ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. 72 ವರ್ಷ ಕಳೆದ ಮೇಲೆ ಹೆಸರು ಸಮೇತ ಎಲ್ಲರಿಗೂ ತೆರೆಯುತ್ತಾರೆ. 1950ರದು 2022ರ ಏಪ್ರಿಲ್ 1ರಂದು ಹೊರಬಂತು. ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು.

ವರ್ಷಗಳ ಗುಣ ತಿಳಿದಿರಲಿ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. 1850ರಲ್ಲಿ ಮೊದಲ ಸಲ ಮನೆಯ ಎಲ್ಲರ ಹೆಸರು ಬಂತು, ಆದರೆ ಗುಲಾಮರಾಗಿದ್ದವರ ಹೆಸರು ಬರೆಯಲಿಲ್ಲ. ಅವರ ಹೆಸರಿಗೆ ಸಾಮಾನ್ಯವಾಗಿ 1870ರವರೆಗೆ ಬರಬೇಕು. ಯಜಮಾನನಿಗೆ ಏನಾಗಬೇಕು ಅನ್ನುವ ಕಾಲಂ ಬಂದದ್ದು 1880ರಲ್ಲಿ. ಅಂದರೆ 1850ರ ಪಟ್ಟಿಯಲ್ಲಿ ಒಂದೇ ಮನೆಯಲ್ಲಿರುವ ಹನ್ನೆರಡರ ಹುಡುಗ ಮಗನೇ ಆಗಬೇಕಿಲ್ಲ. ತಂಗಿಯ ಮಗ ಇರಬಹುದು, ಹೆಂಡತಿಯ ಮೊದಲ ಗಂಡನ ಮಗ ಇರಬಹುದು. ಅದೊಂದನ್ನೇ ಬಿನ್ ಅಂತ ಕೊಟ್ಟರೆ ವಾಪಸ್ ಬರುತ್ತದೆ.

1890ರದು ಹುಡುಕಬೇಡಿ. ಬಹುಪಾಲು 1921ರ ಬೆಂಕಿಗೆ ಹಾಳಾಯಿತು. ಆ ಇಪ್ಪತ್ತು ವರ್ಷದ ಗುಂಡಿಯಲ್ಲಿ ಎಷ್ಟೋ ಮದುವೆಗಳು ಬಿದ್ದುಹೋಗಿವೆ. 1900ರದು ಮಾತ್ರ ಬಂಗಾರ: ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತದ್ದು ಎಷ್ಟು ಮಕ್ಕಳು, ಬದುಕಿರುವುದು ಎಷ್ಟು, ಎಲ್ಲ ಇದೆ.

ಸರ್ಟಿಫಿಕೇಟು ಎಷ್ಟು ಹಿಂದಕ್ಕೆ ಸಿಗುತ್ತದೆ ಅನ್ನುವುದು ರಾಜ್ಯದ ಮೇಲೆ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯ ಮಟ್ಟದ ನೋಂದಣಿ 1841ಕ್ಕೇ ಬಂತು. ಪೆನ್ಸಿಲ್ವೇನಿಯಾದಲ್ಲಿ 1906, ಸೌತ್ ಕ್ಯಾರೊಲಿನಾದಲ್ಲಿ 1915. ದಕ್ಷಿಣದ ಕುಟುಂಬವಾದರೆ ಜಾಸ್ತಿ ಬೆವರು ಅಂತಲೇ ಲೆಕ್ಕ. ಕೋರ್ಟ್ ಕಟ್ಟಡಗಳು ಸುಟ್ಟುಹೋದ ಕೌಂಟಿಗಳೂ ಅಲ್ಲಿ ಬಹಳ. ಕೌಂಟಿ ಅಂದರೆ ನಮ್ಮ ಜಿಲ್ಲೆಗೆ ಹತ್ತಿರದ ಆಡಳಿತ ಭಾಗ.

5. 1850ಕ್ಕಿಂತ ಹಿಂದೆ: ನಿಜವಾದ ಕೆಲಸ

ಇಲ್ಲಿಂದ ಸರ್ಟಿಫಿಕೇಟು ಅನ್ನುವ ಸುಖ ಮುಗಿಯಿತು. ಬಿನ್ ಅನ್ನುವುದು ಬೇರೆ ಯಾವುದೋ ಕಾರಣಕ್ಕೆ ಬರೆದ ಕಾಗದದೊಳಗೆ ಅವಿತಿರುತ್ತದೆ. ದುಡ್ಡು, ಆಸ್ತಿ, ಜಗಳ ಇರುವಲ್ಲಿ ಹುಡುಕಿ. ಆಸ್ತಿ ಹಂಚುವಾಗ ಯಾರು ಯಾರ ಮಗ ಅಂತ ಬರೆಯದೆ ಇರುವುದಿಲ್ಲ, ಎಲ್ಲ ಊರಿನಲ್ಲೂ ಅಷ್ಟೇ ಅಲ್ವಾ?

ಎಲ್ಲಕ್ಕಿಂತ ಒಳ್ಳೆಯದು ಉಯಿಲು. ಸತ್ತವರ ಆಸ್ತಿಯ ಕಾಗದಗಳನ್ನು ಕೋರ್ಟಿನಲ್ಲಿ ಇಡುವ ಕ್ರಮಕ್ಕೆ ‘ಪ್ರೋಬೇಟ್’ ಅನ್ನುತ್ತಾರೆ. “ನನ್ನ ಮಗಳು, ಜಾನ್ ಸ್ಮಿತ್‌ನ ಹೆಂಡತಿ ಸಾರಾಗೆ ಒಂದು ಹಸು, ಒಂದು ಹಾಸಿಗೆ” ಅಂತ ಒಂದು ಸಾಲು ಸಿಕ್ಕರೆ ಸಾಕು, ಬಿನ್ನೂ ಆಯಿತು ಕೋಂ ಕೂಡ ಆಯಿತು. ಉಯಿಲು ಬರೆಯದೆ ಸತ್ತಿದ್ದರೂ ಬೇಸರ ಬೇಡ. ಆಸ್ತಿ ಹಂಚಿದ ಪಟ್ಟಿ ಇರುತ್ತದೆ, ನಮ್ಮ ವಿಭಾಗ ಪತ್ರದ ಹಾಗೆ. ಇಲ್ಲದಿದ್ದರೆ ಭೂಮಿಯ ಕ್ರಯಪತ್ರ ನೋಡಿ. ಅಪ್ಪ ಸತ್ತು ಹತ್ತು ವರ್ಷದ ಮೇಲೆ ಮಕ್ಕಳೆಲ್ಲ ಸೇರಿ ಜಮೀನು ಮಾರಿದಾಗ ಅಷ್ಟೂ ಜನರ ಹೆಸರು, ಅಳಿಯಂದಿರ ಸಮೇತ, ಒಂದೇ ಕಡೆ ಬರುತ್ತದೆ. ಸೂಚಿಯಲ್ಲಿ ಮೊದಲ ಮಾರಾಟಗಾರನ ಹೆಸರು ಮಾತ್ರ ಇರಬಹುದು. ಆದ್ದರಿಂದ ಅಣ್ಣ, ತಮ್ಮ, ಭಾವಂದಿರ ಹೆಸರಿನಲ್ಲೂ ಹುಡುಕಿ.

ಆಮೇಲೆ ಫ್ಯಾಮಿಲಿ ಬೈಬಲ್. ಹುಟ್ಟು, ಮದುವೆ, ಸಾವುಗಳನ್ನು ಮನೆಯ ಬೈಬಲಿನ ಹಾಳೆಯಲ್ಲಿ ಬರೆಯುವುದು ಅವರ ಪದ್ಧತಿ. ನಿಮ್ಮ ಬೀಗರ ಅಟ್ಟದಲ್ಲಿ ಒಂದು ಇರಬಹುದು, ಕೇಳಿ ನೋಡಿ. ಸಿಕ್ಕರೆ ಬರೆದ ಹಾಳೆಯ ಜೊತೆಗೆ ಅಚ್ಚಾದ ವರ್ಷ ಇರುವ ಮೊದಲ ಪುಟದ ಫೋಟೋನೂ ತೆಗೆಯಿರಿ. ಬೈಬಲ್ ಅಚ್ಚಾದದ್ದು 1850ರಲ್ಲಿ, ಬರೆದಿರುವುದು 1780ರ ಮದುವೆ, ಎಲ್ಲ ಒಂದೇ ಕೈಬರಹ, ಒಂದೇ ಶಾಯಿ ಅಂದರೆ ಯಾರೋ ಆಮೇಲೆ ಕೂತು ನೆನಪಿನಿಂದ ಬರೆದದ್ದು. ಅದರ ತೂಕ ಕಮ್ಮಿ.

ಸಮಾಧಿ ಕಲ್ಲಿನ ಫೋಟೋ ಸಾವಿನ ತಾರೀಖಿಗೆ ಆಗುತ್ತದೆ. ಕಲ್ಲಿನ ಮೇಲೆ ‘ಕಾನ್ಸಾರ್ಟ್’ ಅಂತ ಇದ್ದರೆ ಗಂಡ ಇರುವಾಗಲೇ ಹೋದವಳು, ನಮ್ಮಲ್ಲಿ ಮುತ್ತೈದೆ ಸಾವು ಅಂತಾರಲ್ಲ ಹಾಗೆ. ‘ರೆಲಿಕ್ಟ್’ ಅಂತ ಇದ್ದರೆ ವಿಧವೆ. ಈ ಒಂದು ಪದದಿಂದ ಗಂಡ ಯಾವಾಗ ಸತ್ತಿರಬೇಕು ಅನ್ನುವ ಅಂದಾಜು ಸಿಗುತ್ತದೆ. ಸಮಾಧಿಗಳ ವೆಬ್‌ಸೈಟಿನಲ್ಲಿ ಕಲ್ಲಿನ ಕೆಳಗೆ ಯಾರೋ ಟೈಪ್ ಮಾಡಿದ ಜೀವನಚರಿತ್ರೆ ಮಾತ್ರ ಪುರಾವೆಯಲ್ಲ. ಕಲ್ಲಿನಲ್ಲಿ ಕೆತ್ತಿದ್ದೆಷ್ಟೋ ಅಷ್ಟೇ.

ಹಳೆಯ ಕಾಗದ ಓದುವಾಗ ಮೋಸ ಹೋಗುವ ಜಾಗಗಳು ಕೆಲವು.

ಆ ಕಾಲದಲ್ಲಿ ‘ಸೀನಿಯರ್’, ‘ಜೂನಿಯರ್’ ಅಂದರೆ ಅಪ್ಪ ಮಗ ಅಂತಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು, ಚಿಕ್ಕವನು ಅಂತ ಗುರುತಿಗೆ. ದೊಡ್ಡವನು ಸತ್ತರೆ ಜೂನಿಯರೇ ಸೀನಿಯರ್ ಆಗುತ್ತಿದ್ದ. ನಮ್ಮ ದೊಡ್ಡನಂಜ, ಚಿಕ್ಕನಂಜರ ಕಥೆಯೇ.

ಕರೆಯುವ ಹೆಸರುಗಳೂ ಹಾಗೇ. ಶ್ರೀನಿವಾಸ ಶೀನ ಆಗುವ ಹಾಗೆ ಮೇರಿ ಪಾಲಿ ಆಗುತ್ತಾಳೆ, ಮಾರ್ಥಾ ಪ್ಯಾಟ್ಸಿ, ಸಾರಾ ಸ್ಯಾಲಿ, ಮಾರ್ಗರೆಟ್ ಪೆಗಿ. ಒಂದೇ ಹೆಂಗಸನ್ನು ಇಬ್ಬರು ಹೆಂಡಿರು ಅಂದುಕೊಂಡು ಕಥೆ ಕಟ್ಟಿದ ವಂಶವೃಕ್ಷಗಳು ಬೇಕಾದಷ್ಟಿವೆ. ಜೆ, ಎನ್, ಒ ಅಂತ ಮೂರಕ್ಷರ ಬರೆದು ಚುಕ್ಕಿ ಇಟ್ಟಿದ್ದರೆ ಅದು ಜಾನ್, ಜೊನಾಥನ್ ಅಲ್ಲ. ಎಸ್ ಅಕ್ಷರ ಪದದ ನಡುವೆ ಎಫ್ ಥರ ಕಾಣುತ್ತದೆ, ಜೆಸ್ಸಿ ಎಂಬವನನ್ನು ‘ಜೆಫ್ಸಿ’ ಅಂತ ಓದಿ ಹುಡುಕಿದವರಿದ್ದಾರೆ.

ತಾರೀಖು ಇನ್ನೊಂದು ಗೊಂದಲ. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಅದಕ್ಕೇ ಆಗಿನ ಜನವರಿ, ಫೆಬ್ರವರಿಯ ತಾರೀಖುಗಳಿಗೆ 1731/32 ಅಂತ ಎರಡು ವರ್ಷ ಬರೆದಿರುತ್ತಾರೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ನೀವು ತಿದ್ದಲು ಹೋಗಬೇಡಿ, ಕಾಗದದಲ್ಲಿ ಇದ್ದ ಹಾಗೇ ಬರೆಯಿರಿ.

ಊರೂ ಅಷ್ಟೇ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವರ ಊರು 2007ರ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತಲ್ಲ, ಅಲ್ಲೂ ಹೀಗೇ. ಕೆಂಟಕಿ 1792ರವರೆಗೆ ವರ್ಜೀನಿಯಾದ ಭಾಗ, ಮೇನ್ 1820ರವರೆಗೆ ಮ್ಯಾಸಚೂಸೆಟ್ಸ್‌ನದು, ವೆಸ್ಟ್ ವರ್ಜೀನಿಯಾ ಬೇರೆಯಾದದ್ದು 1863ರಲ್ಲಿ. ಕೌಂಟಿಗಳಂತೂ ಒಡೆಯುತ್ತಲೇ ಇದ್ದವು. ಮನೆ ಕದಲಿಲ್ಲ, ಆದರೂ ಕಾಗದ ಮೂರು ಕೋರ್ಟಿನಲ್ಲಿ ಹಂಚಿಹೋಗಿದೆ. ಆ ವರ್ಷ ಆ ಜಾಗ ಯಾವ ಕೌಂಟಿಯಲ್ಲಿತ್ತು ಅಂತ ಮೊದಲು ನೋಡಿ, ಆಮೇಲೆ ಹುಡುಕಿ.

6. ಸೇವೆಯ ಪುರಾವೆ

ಪೇಟ್ರಿಯಟ್ ಸೈನಿಕನೇ ಆಗಿರಬೇಕಿಲ್ಲ. 1775ರ ಏಪ್ರಿಲ್ 19ರಿಂದ 1783ರ ನವೆಂಬರ್ 26ರೊಳಗೆ ಸೈನ್ಯ ಅಥವಾ ನೌಕಾಪಡೆಯಲ್ಲಿದ್ದವರು, ಹೊಸ ಸರ್ಕಾರದ ಹುದ್ದೆಯಲ್ಲಿದ್ದವರು, ಸೈನ್ಯಕ್ಕೆ ದವಸ, ದನ ಕೊಟ್ಟವರು, ರಾಜನನ್ನು ಬಿಟ್ಟು ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದವರು ಎಲ್ಲ ಸೇರುತ್ತಾರೆ. ಹಿಟ್ಟು ಮಾರಿದ ರಸೀದಿಯ ಮೇಲೆ ಸಂಘ ಸೇರಿದವರಿದ್ದಾರೆ. ವಿಧವೆಯೊಬ್ಬಳು ದನ ಕೊಟ್ಟಿದ್ದರೆ ಅವಳೇ ಪೇಟ್ರಿಯಟ್.

ಕನ್ನಡದವರಿಗೆ ಒಂದು ಸ್ವಾರಸ್ಯ: ಪೆನ್ಸಿಲ್ವೇನಿಯಾದವರ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಇಂಗ್ಲಿಷರಿಗೆ ಬಿಸಿ ಮುಟ್ಟಿಸುತ್ತಿದ್ದ ನಮ್ಮ ಮೈಸೂರಿನ ಹೈದರನದೇ ಹೆಸರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಅದರಲ್ಲಿ ಹೋಗಿ ‘ಜನರಲ್ ಮಾಂಕ್’ ಅನ್ನುವ ಬ್ರಿಟಿಷ್ ಹಡಗನ್ನು ಹಿಡಿದ. ನಿಮ್ಮ ಅಳಿಯನ ಪೂರ್ವಜ ಆ ಹಡಗಿನಲ್ಲಿದ್ದದ್ದು ಸಿಕ್ಕರೆ ನನಗೆ ತಿಳಿಸಲೇಬೇಕು!

ಸೈನಿಕನಾಗಿದ್ದರೆ ಪೆನ್ಷನ್ ಫೈಲ್ ಹುಡುಕಿ. 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಗೆ ಬೆಂಕಿ ಬಿದ್ದು ಅಲ್ಲಿಯವರೆಗಿನವು ಸುಟ್ಟುಹೋದವು. ಈಗ ಸಿಗುವುದು ಹೆಚ್ಚಾಗಿ ಆಮೇಲಿನವು, 1818 ಮತ್ತು 1832ರ ಕಾಯ್ದೆಗಳ ಕೆಳಗೆ ಮುದುಕರು ಹಾಕಿದ ಅರ್ಜಿಗಳು. 1836ರಿಂದ ವಿಧವೆಯರದ್ದೂ ಇವೆ. ಫೈಲ್ ನಂಬರಿನ ಮೊದಲು ಎಸ್ ಅಂತ ಇದ್ದರೆ ಸೈನಿಕನೇ ಹಾಕಿದ್ದು, ಡಬ್ಲ್ಯು ವಿಧವೆಯದು, ಆರ್ ಅಂದರೆ ತಿರಸ್ಕಾರವಾದದ್ದು. ಆರ್ ನೋಡಿ ಕೈಬಿಡಬೇಡಿ. ಐದು ತಿಂಗಳು ಸೇವೆ ಮಾಡಿದವನಿಗೆ ಆರು ತಿಂಗಳಾಗಿಲ್ಲ ಅಂತ ಪೆನ್ಷನ್ ತಪ್ಪಿರಬಹುದು. ಡಿಎಆರ್‌ಗೆ ಐದು ತಿಂಗಳೂ ಸೇವೆಯೇ.

ಡಬ್ಲ್ಯು ಫೈಲ್ ಸಿಕ್ಕರೆ ಅದೃಷ್ಟ. ವಿಧವೆ ತನ್ನ ಮದುವೆ ಸಾಬೀತು ಮಾಡಬೇಕಿತ್ತು. ಸರ್ಟಿಫಿಕೇಟು ಇಲ್ಲ, ಮದುವೆ ಮಾಡಿಸಿದ ಪಾದ್ರಿ ಸತ್ತು ಮೂವತ್ತು ವರ್ಷ ಆಗಿರುತ್ತಿತ್ತು. ಎಷ್ಟೋ ಮುದುಕಿಯರು ಮನೆಯ ಬೈಬಲಿನ ಹಾಳೆಯನ್ನೇ ಹರಿದು ವಾಷಿಂಗ್ಟನ್ನಿಗೆ ಕಳಿಸಿದರು. ಆ ಹಾಳೆಗಳು ಇವತ್ತಿಗೂ ಫೈಲಿನೊಳಗೇ ಇವೆ, ಮಕ್ಕಳೆಲ್ಲರ ಹುಟ್ಟಿದ ದಿನದ ಸಮೇತ. ನ್ಯಾಷನಲ್ ಆರ್ಕೈವ್ಸ್‌ನ ಆನ್‌ಲೈನ್ ಕ್ಯಾಟಲಾಗಿನಲ್ಲಿ ಪೆನ್ಷನ್ ಫೈಲುಗಳ ಚಿತ್ರಗಳನ್ನು ನೋಡಬಹುದು. ಸಾರಾಂಶ ಓದಿ ಬಿಡಬೇಡಿ, ಕೊನೆಯ ಪುಟದವರೆಗೂ ತೆರೆಯಿರಿ.

ಇಲ್ಲಿಯ ದೊಡ್ಡ ಅಪಾಯ ಒಂದೇ ಹೆಸರಿನವರು. ನಮ್ಮಲ್ಲಿ ಊರಿಗೊಬ್ಬ ನಂಜಪ್ಪ ಇರುವ ಹಾಗೆ ಕೌಂಟಿಗೊಬ್ಬ ಜಾನ್ ಸ್ಮಿತ್. ಸೈನ್ಯದ ಹಾಜರಿ ಪಟ್ಟಿಯಲ್ಲಿ ಹೆಸರು ಸಿಕ್ಕಿತು ಅಂದರೆ ನಿಮ್ಮವನೇ ಅಂತಲ್ಲ. ಆ ವರ್ಷ ನಿಮ್ಮವನು ಆ ದಳ ಕಟ್ಟಿದ ಜಾಗದಲ್ಲೇ ವಾಸ ಇದ್ದ ಅಂತ ತೆರಿಗೆ ಪಟ್ಟಿಯಿಂದಲೋ ಭೂಮಿ ಪತ್ರದಿಂದಲೋ ತೋರಿಸಬೇಕು.

7. ಕಟ್ಟು ಕಟ್ಟಿ ಕಳಿಸುವುದು

ಮೂಲ ಪ್ರತಿ ಕಳಿಸಬೇಡಿ. ಕಳಿಸಿದ ಕಾಗದ ವಾಪಸ್ ಬರುವುದಿಲ್ಲ. ಎಲ್ಲದಕ್ಕೂ ಒಳ್ಳೆಯ ಜೆರಾಕ್ಸ್ ತೆಗೆಸಿ. ತಲೆಮಾರಿನ ಕ್ರಮದಲ್ಲಿ ಜೋಡಿಸಿ, ಪ್ರತಿ ಹಾಳೆಯ ಮೇಲೆ ಎಲ್ಲಿಂದ ಬಂತು ಅಂತ ಬರೆಯಿರಿ. ಪುಸ್ತಕದ ಪುಟವಾದರೆ ಪುಸ್ತಕದ ಮೊದಲ ಪುಟದ ನಕಲೂ ಬೇಕು. ಮುಖ್ಯ ಸಾಲಿಗೆ ಹೈಲೈಟರ್ ಹಚ್ಚಬೇಡಿ, ಮತ್ತೆ ಸ್ಕ್ಯಾನ್ ಮಾಡಿದಾಗ ಕಪ್ಪು ಪಟ್ಟಿ ಆಗುತ್ತದೆ. ರಿಜಿಸ್ಟ್ರಾರ್ ಹೇಳಿದ ಹಾಗೆ ನಕಲಿನ ಮೇಲೆ ಪೆನ್ಸಿಲ್ ಗೆರೆ ಸಾಕು. ಅತ್ತೆ ಮಾವಂದಿರ ಮರಣ ಪತ್ರದಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಮುಚ್ಚಿ ನಕಲು ಮಾಡಿ.

ಡಿಎನ್‌ಎ ಟೆಸ್ಟ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಕೊಳವೆಗೆ ಉಗುಳಿ ಕಳಿಸುವ ಮಾಮೂಲಿ ಟೆಸ್ಟಿನ ಫಲಿತಾಂಶ ಅರ್ಜಿಗೆ ಪುರಾವೆ ಆಗುವುದಿಲ್ಲ. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ವೈ-ಡಿಎನ್‌ಎಯನ್ನು ಬೇರೆ ಕಾಗದಗಳ ಜೊತೆ ಪೂರಕವಾಗಿ ನೋಡುತ್ತಾರೆ. ನಿಮ್ಮ ಸಾಲಿನ ನಡುವೆ ಒಬ್ಬ ಹೆಣ್ಣುಮಗಳು ಬಂದರೂ ವೈ ದಾರಿ ಅಲ್ಲಿಗೆ ಮುಗಿಯಿತು. ಅದಕ್ಕೆ ಸುಮ್ನೆ ದುಡ್ಡು ಹಾಕುವ ಬದಲು ಎರಡು ಉಯಿಲು ತರಿಸಿ.

ಅರ್ಜಿ ಹೋದ ಮೇಲೆ “ಇನ್ನಷ್ಟು ಮಾಹಿತಿ ಬೇಕು” ಅಂತ ಪತ್ರ ಬಂದರೆ ಗಾಬರಿ ಬೇಡ, ತಿರಸ್ಕಾರ ಅಲ್ಲ. ಸಾಮಾನ್ಯವಾಗಿ ಯಾವುದೋ ಒಂದು ತಲೆಮಾರಿನ ಬಿನ್ ಸಡಿಲ ಇರುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಭಯಕ್ಕೆ ಮನೆಯಲ್ಲಿದ್ದ ಕಾಗದವನ್ನೆಲ್ಲ ತುಂಬಿ ಕಳಿಸಿದರೆ ಹೊಸ ಪ್ರಶ್ನೆ ಹುಟ್ಟುತ್ತವೆ. ನನ್ನ ಮಗಳ ಅರ್ಜಿಗೂ ಆ ಪತ್ರ ಬಂದಿತ್ತು, ಐದನೇ ತಲೆಮಾರಿಗೆ. ಉತ್ತರ ಇದ್ದದ್ದು ಒಂದು ಕ್ರಯಪತ್ರದ ಎರಡನೇ ಪುಟದಲ್ಲಿ. ನಾನು ಮೊದಲ ಪುಟ ಮಾತ್ರ ಜೆರಾಕ್ಸ್ ಮಾಡಿಸಿದ್ದೆ.